ಅರ್ಧ ಕಂಬಳಿಯ ಕತೆ

೧೪ ನವೆಂಬರ್ ೧೮೯೬, ಶನಿವಾರ. ಸಕಲೇಶಪುರ.

ಏಕಾಂತಯ್ಯನ ಬಾಯಿಗೆ ಮಣ್ಣು ಬೀಳಲಿ! ಹತ್ತು ವರ್ಷ ನನ್ನ ಕೈಕೆಳಗೆ ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿ ಕೆಲಸ ಕಲಿತವನು, ನನ್ನ ಬುತ್ತಿಯಲ್ಲಿ ಪಾಲು ಉಂಡವನು.

ಕಾಫಿ ಕೊಯ್ಲಿಗೆ ಆಳು ಕರೆತರಲು ಇವತ್ತು ಆಲೂರಿನ ಆಚೆಯ ಹಳ್ಳಿಗೆ ಹೋಗಿದ್ದೆ. ಕೂಲಿಯ ಮಾತಿಗೆ ಮೊದಲು ಮೇಸ್ತ್ರಿ ತನ್ನ ಕತೆ ಹೇಳಬೇಕು. ಜನ ನಂಬುವುದು ತೋಟವನ್ನಲ್ಲ, ಮೇಸ್ತ್ರಿಯನ್ನು. ಹದಿನೈದು ವರ್ಷದಿಂದ ನನ್ನದು ಒಂದೇ ಕತೆ: ಹೊಟ್ಟೆಪಾಡಿಗೆ ಊರು ಬಿಟ್ಟ ದಿನ ಅವ್ವ ಮನೆಯಲ್ಲಿದ್ದ ಒಂದೇ ಕಂಬಳಿಯನ್ನು ಹರಿದು ಅರ್ಧ ನನಗೆ ಹೊದಿಸಿದ್ದು.

ಕತೆ ಕಂಬಳಿಯವರೆಗೆ ಬಂದಿತ್ತು, ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. "ಅಯ್ಯೋ ಮಾರಾಯ, ಇದು ಏಕಾಂತಯ್ನೋರ ಕತೆ ಕಣಪ್ಪಾ! ಮೊನ್ನೆ ಬಂದು ಹೇಳಿ ನಮ್ಮನ್ನೆಲ್ಲಾ ಅಳಿಸ್ಬುಟ್ರು. ಯಾಕೆ, ನಿಂಗೆ ಸ್ವಂತ ಅವ್ವ ಇರ್ಲಿಲ್ವಾ?"

ಇಡೀ ಜಗಲಿ ನಕ್ಕಿತು. ಅಲ್ಲಿನ ಮೂವತ್ತು ಆಳು ಆಗಲೇ ಅವನಿಗೆ ಬರುತ್ತೇವೆಂದು ಒಪ್ಪಿದ್ದರು.

ಅವನ ತಾಯಿ ಜಗದಾಂಬಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರ ಮನೆಯಲ್ಲಿ ಮೂರು ಕಂಬಳಿ ಇವೆ, ನಾನೇ ಹೊದ್ದು ಮಲಗಿದ್ದೇನೆ. ಆಳುಗಳು ಹೋದರೆ ಹೋಗಲಿ, ಬೇರೆಯವರು ಸಿಗುತ್ತಾರೆ. ಆದರೆ ಅವನು ನನ್ನ ಅವ್ವನನ್ನೇ ಒಯ್ದುಬಿಟ್ಟ. ಆ ಕತೆ ಇಲ್ಲದೆ ನಾನು ಯಾರೆಂದು ಯಾವ ಊರಿನಲ್ಲಿ ಹೇಳಲಿ?

ನಾಲ್ಕು ಜನರ ಮುಂದೆ ಅವನನ್ನು ನಿಲ್ಲಿಸಿ ಕೇಳಬಹುದು. "ನಿನ್ನ ಕತೆಯೇ ಆದ್ರೆ ಸತ್ತ ಅವ್ವನ ಮೇಲೆ ಆಣೆ ಇಡು" ಎನ್ನುತ್ತಾನೆ, ಬಲ್ಲೆ. ಆ ಆಣೆ ನಾನು ಇಡಲಾರೆ. ಅವ್ವ ಕಂಬಳಿ ಹರಿಯಲೇ ಇಲ್ಲ. ಅವಳು ಮಲಗಿದ್ದಾಗ ಮೈಮೇಲಿನಿಂದ ಇಡೀ ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡು ಊರು ಬಿಟ್ಟವನು ನಾನೇ.