ಮಾತ್ರೆ ಬಿಡಿಸಿದ ಕರಪತ್ರಕ್ಕೆ ಸಹಿ ಹಾಕಿದವರಿಗೆ

ಕಮಲಾಪುರದ ಮಹಿಳಾ ಆರೋಗ್ಯ ಶಿಬಿರದ ಉಸ್ತುವಾರಿ ಹೊತ್ತಿದ್ದ ಮಾನ್ಯ ಅಧಿಕಾರಿಗಳೇ,

ನಿಮ್ಮ ಸಹಿ ಇರುವ ಗುಲಾಬಿ ಬಣ್ಣದ ಕರಪತ್ರವನ್ನು ನಂಬಿ ನಮ್ಮ ಶಾಲೆಯ ಬಿಸಿಯೂಟದ ಭೀಮಬಾಯಿ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟರು. ಎರಡೂವರೆ ತಿಂಗಳಿಗೆ ಅವರಿಗೆ ಹೃದಯಾಘಾತವಾಯಿತು. ಗಾಬರಿಯಾಗಬೇಡಿ, ಬದುಕಿದ್ದಾರೆ, ನಿಮ್ಮ ಶಿಬಿರದ ಯಶಸ್ಸಿನ ವರದಿಗೆ ಅವರಿಂದ ಧಕ್ಕೆಯೇನೂ ಬಂದಿಲ್ಲ. ಆದರೆ ಆ ಕರಪತ್ರವನ್ನು ಅವರಿಗೆ ಓದಿ ಹೇಳಿದವಳು ನಾನು. ಹಾಗಾಗಿ ಈ ದೂರಿನಲ್ಲಿ ಆರೋಪಿಗಳು ಇಬ್ಬರು, ನೀವು ಮತ್ತು ನಾನು. ನನ್ನ ತಪ್ಪನ್ನು ಊರ ಮುಂದೆ ಒಪ್ಪಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಪಾಲಿನದ್ದನ್ನು ಯಾವಾಗ ಒಪ್ಪಿಕೊಳ್ಳುತ್ತೀರಿ?

ನಾನು ಕಮಲಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ. ವಯಸ್ಸು ಐವತ್ತು, ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಇಂಥದ್ದನ್ನು ಬಹಿರಂಗ ಪತ್ರದಲ್ಲಿ ಬರೆಯುವುದುಂಟೇ ಎಂದು ಮುಜುಗರವಾದರೆ ಆ ಪದದ ಬದಲು ನಿಮ್ಮ ಕರಪತ್ರದ ಪದವನ್ನೇ ಸೇರಿಸಿ ಓದಿಕೊಳ್ಳಿ: 'ಮಹಿಳೆಯರ ಆ ಹಂತ'. ಎರಡು ಪುಟಗಳಲ್ಲಿ ಏಳು ಸಲ 'ಆ ಹಂತ' ಎಂದಿದೆ, ಒಮ್ಮೆಯೂ ಮುಟ್ಟು ನಿಲ್ಲುವುದು ಎಂದಿಲ್ಲ. ಅದು ಚುನಾವಣೆಯ ಎರಡನೇ ಹಂತವೋ ನೀರಾವರಿ ಯೋಜನೆಯ ಮೂರನೇ ಹಂತವೋ ಓದಿದವರಿಗೆ ತಿಳಿಯುವುದು ಹೇಗೆ? ಚಿತ್ರದಲ್ಲಿ ಓಡುತ್ತಿರುವವನು ಚಡ್ಡಿ ತೊಟ್ಟ ಒಬ್ಬ ಗಂಡಸು. ಅವನಿಗೂ ಆ ಹಂತ ಬಂದಿರಬೇಕು. ಇನ್ನು ಆಹಾರದ ಪಟ್ಟಿ: ಆಲಿವ್ ಎಣ್ಣೆ, ಆವಕಾಡೊ, ಸಾಲ್ಮನ್ ಮೀನು. ಕಮಲಾಪುರದ ಸಂತೆಯಲ್ಲಿ ಸಾಲ್ಮನ್ ಯಾವ ವಾರ ಬರುತ್ತದೆ ಎಂದೂ ಬರೆದಿದ್ದರೆ ಚೀಲ ಹಿಡಿದು ನಿಲ್ಲುತ್ತಿದ್ದೆವು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಶಿಬಿರದ ಮರುದಿನ ಭೀಮಬಾಯಿ ಕೈ ಒರೆಸಿಕೊಂಡು ಆ ಕಾಗದವನ್ನು ನನ್ನ ಮುಂದೆ ಹಿಡಿದರು. ಅವರಿಗೆ ಐವತ್ತೆರಡು. ಬಿಪಿ, ಸಕ್ಕರೆ ಎರಡೂ ಇವೆ, ಅವುಗಳ ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆಯನ್ನೂ ಮೂರು ವರ್ಷದಿಂದ ತಪ್ಪಿಸಿದವರಲ್ಲ. ನಾನು ದಪ್ಪ ಅಕ್ಷರದ ಸಾಲನ್ನು ಗಟ್ಟಿಯಾಗಿ ಓದಿದೆ: 'ಕೊಲೆಸ್ಟ್ರಾಲ್ ಮಾತ್ರೆಗೆ ವಿದಾಯ ಹೇಳಿ, ಪ್ರಕೃತಿಯ ಮಡಿಲಿಗೆ ಮರಳಿ.'

"ವಿದಾಯ ಅಂದ್ರ ಏನ್ರಿ ಮೇಡಂ?"

"ಬಿಟ್ಟು ಬಿಡೋದು."

"ಮಾತ್ರಿ ಬಿಡ್ರಿ ಅಂತ ದವಾಖಾನಿಯವ್ರೇ ಬರದಾರೇನ್ರಿ?"

"ಬರದಾರ. ಕೆಳಗ ಸಾಹೇಬ್ರ ಸಹಿ ಸುದ್ದಾ ಅದ," ಎಂದೆ.

ಆಮೇಲೆ ಅವರು ಕರಪತ್ರದಲ್ಲಿದ್ದುದರಲ್ಲಿ ಕೈಗೆ ಸಿಗುವುದನ್ನೆಲ್ಲ ಮಾಡಿದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ, ನೆನೆಸಿದ ಮೆಂತ್ಯ, ಶಾಲೆಗೆ ನಡೆದೇ ಬರುವುದು. "ಮಾತ್ರಿ ಡಬ್ಬಿ ತೊಳದು ಅದರಾಗೇ ಮೆಂತ್ಯ ತುಂಬಿಟ್ಟೀನ್ರಿ," ಎಂದು ಒಂದು ದಿನ ನನಗೆ ಹೇಳಿದರು. ನಾನು ಮೆಚ್ಚಿದೆ. ಮಕ್ಕಳಿಗೆ ದಿನವೂ 'ಹೆಂಗ ಬಂತು ಈ ಉತ್ತರ, ಹಂತ ತೋರ್ಸು' ಎಂದು ಪೀಡಿಸುವ ನಾನು, ಸಹಿ ಕಂಡ ಕೂಡಲೇ ಹಂತ ಕೇಳುವುದನ್ನು ಮರೆತೆ.

ಒಂದು ಗುರುವಾರ, ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಭೀಮಬಾಯಿ ಅಕ್ಕಿ ಚೀಲಕ್ಕೆ ಒರಗಿ ಕೂತಿದ್ದರು, ಮೈಯೆಲ್ಲ ಬೆವರು. ಬೆವರಿನ ವಿಷಯದಲ್ಲಿ ನಮ್ಮ ಶಾಲೆಗೆ ನಾನೇ ಪಂಡಿತೆ. ಪಾಠದ ನಡುವೆ ಇದ್ದಕ್ಕಿದ್ದಂತೆ ಮೈ ಕಾದು, ಹಾಜರಿ ಪುಸ್ತಕದಲ್ಲಿ ಗಾಳಿ ಹಾಕಿಕೊಳ್ಳುವವಳು. ಅದೇ ಪುಸ್ತಕ ತಂದು ಅವರಿಗೂ ಗಾಳಿ ಬೀಸಿದೆ.

"ಇದು ನಮ್ಮ ವಯಸ್ಸಿಂದು, ಭೀಮಬಾಯಿ. ನಂಗೂ ದಿನಾ ಹಿಂಗೇ ಆಗ್ತದ. ಐದ್ ನಿಮಿಷಕ್ಕ ಹೋಗ್ತದ."

ಐದು ನಿಮಿಷವಾಯಿತು, ಹತ್ತಾಯಿತು. ಅವರು ವಾಂತಿ ಮಾಡಿಕೊಂಡರು. ಕೈ ಮುಟ್ಟಿದರೆ ತಣ್ಣಗಿತ್ತು. ನನ್ನ ಬೆವರು ಬರುವಾಗ ಮೈ ಕೆಂಡದಂತಿರುತ್ತದೆ. ಆಗ ಅವರು ಕೇಳಿದರು, "ಮೇಡಂ, ವಯಸ್ಸಿಗಿ ದವಡಿ ಯಾಕ ನೋಯಾಕತ್ತದ್ರಿ?"

ನನಗೆಂದೂ ದವಡೆ ನೋವು ಬಂದಿರಲಿಲ್ಲ. ಎಲ್ಲೋ ಏನೋ ತಪ್ಪಾಗಿದೆ ಎಂದು ನನಗೆ ಹೊಳೆದದ್ದು ಆಗಲೇ. ದೈಹಿಕ ಶಿಕ್ಷಕರಾದ ಶಿವಲಿಂಗ ಸರ್ ಅವರ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಇಸಿಜಿ ತೆಗೆದು, ಇದು ಎದೆಯ ತೊಂದರೆ ಎಂದು ಹೇಳಿ, ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಕಳಿಸಿದರು. ದಾರಿಯುದ್ದಕ್ಕೂ ಭೀಮಬಾಯಿ ನನ್ನ ಕೈ ಹಿಡಿದಿದ್ದರು. "ಎದಿ ನೋಯ್ಲೇ ಇಲ್ಲಲ್ರಿ, ಮತ್ತ ಎದಿದು ಅಂತ ಹೆಂಗಂತಾರ?" ಎಂದು ಎರಡು ಸಲ ಕೇಳಿದರು. ನನಗೆ ಗೊತ್ತಿರಲಿಲ್ಲ. ನಿಮ್ಮ ಕರಪತ್ರಕ್ಕೂ ಗೊತ್ತಿರಲಿಲ್ಲ.

ಸಂಜೆಯೊಳಗೆ ಸ್ಟೆಂಟ್ ಹಾಕಿದರು. ಮರುದಿನ ಡಾಕ್ಟರಮ್ಮ ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. "ಕಾಗದದಾಗ ಬರದಿತ್ರಿ," ಎಂದರು ಭೀಮಬಾಯಿ. ಓದಿದ್ದು ಯಾರು ಎಂದು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಾನೇ ಒಪ್ಪಿಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ, ಕೂರಿಸಿ ಹೇಳಿದರು. ಮಾತ್ರೆ ಬಿಟ್ಟದ್ದೊಂದೇ ಕಾರಣ ಎನ್ನಲಾಗದು, ಆದರೆ ಬಿಡಬಾರದಿತ್ತು. ಮುಟ್ಟು ನಿಲ್ಲುವ ಕಾಲಕ್ಕೆ ಹಾರ್ಮೋನು ಇಳಿದು ಕೆಟ್ಟ ಕೊಲೆಸ್ಟ್ರಾಲ್ ಏರುವುದು ಸಾಮಾನ್ಯ. ಊಟ, ನಡಿಗೆ ಎಲ್ಲರಿಗೂ ಬೇಕು. ಬಿಪಿ, ಸಕ್ಕರೆ ಇದ್ದವರಿಗೆ ಅದರ ಜೊತೆಗೆ ಮಾತ್ರೆಯೂ ಬೇಕಾಗಬಹುದು. ಹೆಂಗಸರಿಗೆ ಎದೆ ನೋವಿಲ್ಲದೆಯೂ ದವಡೆ ನೋವು, ಬೆನ್ನು ನೋವು, ವಾಂತಿ, ತಣ್ಣನೆಯ ಬೆವರಿನ ರೂಪದಲ್ಲಿ ಹೃದಯಾಘಾತ ಬರಬಹುದು. ಹತ್ತು ನಿಮಿಷದ ಮಾತು. ನಿಮ್ಮ ಎರಡು ಪುಟಗಳಲ್ಲಿ ಇದಕ್ಕೆ ಜಾಗವಿರಲಿಲ್ಲ, ಉದ್ಘಾಟಕರ ಫೋಟೋಕ್ಕಿತ್ತು.

ಸಹಜ ವಿಧಾನಕ್ಕೆ ನಾನು ವೈರಿಯಲ್ಲ ಸ್ವಾಮಿ. ನನ್ನದನ್ನೂ ಪರೀಕ್ಷೆ ಮಾಡಿಸಿದೆ. ಕೆಟ್ಟ ಕೊಲೆಸ್ಟ್ರಾಲ್ ನೂರೈವತ್ತಾರು. ಬಿಪಿ, ಸಕ್ಕರೆ ಇಲ್ಲದ ಕಾರಣ ಡಾಕ್ಟರಮ್ಮ ನನಗೆ ಮೂರು ತಿಂಗಳ ಗಡುವು ಕೊಟ್ಟರು. ಜೋಳದ ರೊಟ್ಟಿ, ಪುಂಡಿ ಪಲ್ಯ, ದಿನಕ್ಕೆರಡು ಚಮಚ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. ಸಂಜೆಯ ಮಿರ್ಚಿ ಭಜಿಗೆ ರಜೆ, ಬೆಳಗ್ಗೆ ಅರ್ಧ ಗಂಟೆ ಬಿರುಸಿನ ನಡಿಗೆ. ನೂರಮೂವತ್ತೊಂದಕ್ಕೆ ಇಳಿದಿದೆ. ನಮ್ಮ ಅಜ್ಜಿಯರು ಕುಟ್ಟಿದ ಹಿಂಡಿ ನಿಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಬಹುಶಃ ಅದು ವಿಮಾನದಲ್ಲಿ ಬರುವುದಿಲ್ಲವೆಂದು. ಆದರೆ ನನಗೆ ಸಾಕಾದದ್ದು ಭೀಮಬಾಯಿಗೆ ಸಾಲದು. ಅವರು ಈಗ ಹಿಂಡಿಯನ್ನೂ ತಿನ್ನುತ್ತಾರೆ, ಮಾತ್ರೆಯನ್ನೂ ನುಂಗುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ಹಂಚಿದ ಕರಪತ್ರಗಳನ್ನು ಮನೆಮನೆಗೆ ಹೋಗಿ ವಾಪಸ್ ಪಡೆಯಿರಿ. ಹೊಸದರಲ್ಲಿ ಮುಟ್ಟು ನಿಲ್ಲುವುದು ಎಂದು ನಾಚದೆ ಅಚ್ಚು ಹಾಕಿ. ಡಾಕ್ಟರರನ್ನು ಕೇಳದೆ ಮಾತ್ರೆ ಬಿಡಬೇಡಿ ಎಂಬ ಸಾಲು ನಿಮ್ಮ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಲಿ. ದವಡೆಯ ವಿಷಯ ಮರೆಯಬೇಡಿ.

ಪತ್ರಿಕೆಗೆ ಕಳಿಸುವ ಮೊದಲು ಈ ಪತ್ರವನ್ನು ಭೀಮಬಾಯಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಸಹಿ ಹಾಕೋಕಿಂತ ಮೊದ್ಲ ಸಾಹೇಬ್ರು ಅದನ್ನ ಓದಿದ್ರೇನ್ರಿ?" ಎಂದರು. ಇದಕ್ಕೆ ಉತ್ತರ ಗೊತ್ತಿರುವುದು ನಿಮಗೊಬ್ಬರಿಗೇ. ನೀವು ಅವರಿಗೇ ಬರೆಯಿರಿ.

ಇಂತಿ,
ಸಹಿ ಕಂಡರೆ ಸಾಕು, ನಂಬಿಬಿಡುತ್ತಿದ್ದ
ಮುನೀರಾ, ಗಣಿತ ಶಿಕ್ಷಕಿ
ರೋಜಾ, ಕಲಬುರಗಿ