ಒಂಟಿ ಬೂಟು

ಜುಲೈ 29, ಬೆಳಿಗ್ಗೆ 6.40

ಮೊಣಕಾಲಿಗೆ ಐಸು, ಹೊಟ್ಟೆಗೆ ಓಟ್ಸ್ ಗಂಜಿ. ಜುಲೈ ಅಂದರೆ ಇಲ್ಲಿ ನಡುಚಳಿಗಾಲ; ಸ್ಕೀ ತಳಕ್ಕೆ ಮೇಣ ಉಜ್ಜಿದ್ದಾಯಿತು. ಅರವತ್ತೇಳನೇ ವಯಸ್ಸಿಗೆ ಇದೆಲ್ಲ ಬೇಕೇ ಎಂದು ಡಾಕ್ಟರ್ ಕೇಳುತ್ತಾರೆ. ಬೇಕು.

ಟಾಮ್ಸಿನ್ ಫೋನ್ — ನಮ್ಮ ಬೆಟ್ಟ ಹತ್ತುವವರ ಕ್ಲಬ್ಬಿನ ಹೊಸ ಗೈಡ್‌ಬುಕ್ ಮಾಡುತ್ತಿರುವವಳು. ಬಂಡೆಯ ಮೇಲಿನ ನಮ್ಮ ಹಳೇ ದಾರಿ ‘ಒಂಟಿ ಬೂಟು’ ಬಗ್ಗೆ. 1986. ಆರು ಪಿಚ್, ಅಂದರೆ ಹಗ್ಗದ ಆರು ಉದ್ದ. ನೆವ್ ಮತ್ತು ನಾನು. ಪ್ರಾಣ ಹಿಂಡುವುದು ನಾಲ್ಕನೆಯದೊಂದೇ.

"ನಾಲ್ಕನೇ ಪಿಚ್‌ನಲ್ಲಿ ಮುಂದೆ ಹತ್ತಿದ್ದು ನೆವ್ ಅಂತ ಹಳೇ ಪುಸ್ತಕದಲ್ಲಿದೆ. ಹಾಗೇ ಬಿಡ್ಲಾ ಗ್ಲೆನಿಸ್?"

"ಬೇಡ. ಹತ್ತಿದ್ದು ನಾನು."

"ಅವರು ತಾವೇ ಅಂತಾರಲ್ಲ..."

ಅಂತಾನೆ, ಅಂತಾನೆ. ಆ ದಿನ ಬಂಡೆಯ ಬುಡದಲ್ಲಿ ಕಿಯಾ ಎಂಬ ಪುಂಡ ಬೆಟ್ಟಗಿಳಿಯೊಂದು ನನ್ನ ಒಂದು ಬೂಟು ಹರಿದುಹಾಕಿತ್ತು. ಒಂದು ಕಾಲಿಗೆ ಹತ್ತುವ ಬೂಟು, ಇನ್ನೊಂದಕ್ಕೆ ಓಡುವ ಷೂ. ಹಾಗೇ ಹತ್ತಿದೆ. ದಾರಿಗೆ ಹೆಸರು ಬಂದದ್ದೇ ಅದರಿಂದ. ಕ್ಲಬ್ಬಿಗೆ ವರದಿ ಬರೆದವನು ಅವನು. ಬೂಟು ಗ್ಲೆನಿಸ್‌ಳದು ಅಂತ ಬರೆದ, ಮುಂದೆ ಹತ್ತಿದ್ದು ಮಾತ್ರ ತಾನು ಅಂತ ಬರೆದ. ಕಳ್ಳ ನನ್ಮಗ.

ಆಗಸ್ಟ್ 2

ಬೇಕರಿಯಲ್ಲಿ ನೆವ್. ಕೇಳಿಯೇಬಿಟ್ಟೆ.

"ಸಾಯೋದ್ರೊಳಗೆ ಒಂದ್ಸಲ ನಿಜ ಹೇಳೋ."

"ನಿಂಗೆ ಅರಳುಮರಳು ಕಣೆ. ನಾನೇ ಹತ್ತಿದ್ದು."

"ನನ್ ಮುಖ ನೋಡ್ಕೊಂಡು ಹೇಳು."

ಮಾಂಸದ ಪೈ ತಿನ್ನುತ್ತಿದ್ದ. ಪೂರ್ತಿ ತಿಂದು ಮೀಸೆ ಒರೆಸಿಕೊಂಡ. "ಮುಂದಿನ್ ಶನಿವಾರ ಬೆಟ್ಟದ್ ಮೇಲಿನ್ ಹಟ್‌ಗೆ ಬರ್ತೀಯೋ ಇಲ್ವೋ? ಟಾಮ್ಸಿನ್ನೂ ಬರ್ತಾಳೆ."

ಬರುತ್ತೇನೆ ಅಂದೆ. ಇವನ ಜೊತೆ ಬೈದಾಡಿಕೊಂಡೇ ಮೂವತ್ತೊಂಬತ್ತು ಚಳಿಗಾಲ ಕಳೆದಿದ್ದೇನೆ. ಹಿಮ ಯಾವಾಗ ಜಾರುತ್ತದೆ ಎಂದು ಅವನಿಗೆ ತಿಳಿದಷ್ಟು ಈ ವಾನಕಾ ಊರಲ್ಲಿ ಇನ್ನೊಬ್ಬರಿಗೆ ತಿಳಿಯದು. ನಾನು ಹೋಗುವುದು ಅವನ ಕಣ್ಣಿಗಾಗಿ, ಮೂತಿಗಾಗಿ ಅಲ್ಲ.

ಆಗಸ್ಟ್ 9, ಹಟ್, ಸಂಜೆ

ನೆವ್ ಒಲೆಯ ಪಕ್ಕದ ಜಾಗ ಹಿಡಿದು ಟಾಮ್ಸಿನ್‌ಗೆ ಕಥೆ ಹೊಡೆಯುತ್ತಿದ್ದಾನೆ. ನಾಲ್ಕನೇ ಪಿಚ್‌ನ ಬಿರುಕಿನಲ್ಲಿ ಅವನ ಮುಷ್ಟಿ ಹೇಗೆ ಸಿಕ್ಕಿಕೊಂಡಿತು, ಹೇಗೆ ಬಿಡಿಸಿಕೊಂಡ... ಆ ಬಿರುಕು ತಿಂದದ್ದು ನನ್ನ ಎಡಗೈ ಚರ್ಮ. ಕಲೆ ಇನ್ನೂ ಇದೆ. ತೋರಿಸಿದೆ.

"ಅಯ್ಯೋ, ಅದು ಟ್ಯೂನಾ ಡಬ್ಬಿ ಬಿಚ್ಚೋವಾಗ ಕೊಯ್ಕೊಂಡಿದ್ದು" ಅಂದ.

ಟಾಮ್ಸಿನ್ ನಕ್ಕಳು. ನಗಲಿ.

ದ್ವೇಷಿಸುತ್ತೇನೆ ಇವನನ್ನು. ಬೇರೆ ಪದ ಹುಡುಕುವುದಿಲ್ಲ.

ಆಗಸ್ಟ್ 10, 7.15

ಗಾಳಿಯಿಲ್ಲ. ಬೂಟಿನ ಬಕಲ್ ಹಾಕಿದ್ದಾಯಿತು. ಹೊರಗೆ ಕೂಗುತ್ತಿದ್ದಾನೆ — ಮುದುಕಿ, ಬಾರೇ, ಬೀಕನ್ ಪರೀಕ್ಷೆ—

ಆಗಸ್ಟ್ 13

ಬರೆದುಬಿಡಬೇಕು.

ಎದೆಗೆ ಕಟ್ಟಿದ ಬೀಕನ್, ಅಂಗೈಯಗಲದ ರೇಡಿಯೋ ಪೆಟ್ಟಿಗೆ, ಯಾವಾಗಲೂ ಕೂಗುತ್ತಿರಬೇಕು. ಹಿಮದಡಿ ಹೂತುಹೋದರೆ ಮೇಲಿದ್ದವರು ತಮ್ಮದನ್ನು ‘ಕೇಳು’ ಎಂದು ತಿರುಗಿಸಿ ಆ ಕೂಗನ್ನು ಹುಡುಕುತ್ತಾರೆ. ಹೊರಡುವ ಮುಂಚೆ ಒಬ್ಬ ಹಾಗೇ ತಿರುಗಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋಗುತ್ತಾರೆ, ಪ್ರತಿಯೊಬ್ಬರ ಕೂಗು ಕೇಳುತ್ತದೆಯೇ ಎಂದು ಅವನು ನೋಡುತ್ತಾನೆ. ಕೊನೆಗೆ ಹೋಗುವವರು ನಿಂತು, ಅವನು ತನ್ನದನ್ನು ಮತ್ತೆ ‘ಕೂಗು’ವಿಗೆ ತಿರುಗಿಸಿದನೇ ಎಂದು ಪರೀಕ್ಷಿಸಬೇಕು. ಮೊನ್ನೆ ಬಾಗಿಲಲ್ಲಿ ನಿಂತವನು ನೆವ್. ಕೊನೆಗೆ ಹೋದವಳು ನಾನು.

"ಸರಿಯಿದೆ, ಹೋಗೆ ಟ್ಯೂನಾ ರಾಣಿ" ಅಂದ.

ಮೈ ಉರಿಯಿತು. ತಿರುಗಿ ನೋಡದೆ ಹೋದೆ.

ಹತ್ತೂವರೆಗೆ ಇಳಿಜಾರು ಅವನ ಕಾಲಡಿಯೇ ಬಿರಿಯಿತು. ದೊಡ್ಡದೇನಲ್ಲ. ಒಬ್ಬ ಮನುಷ್ಯನನ್ನು ಮುಚ್ಚುವಷ್ಟು. ನಮ್ಮ ಬೀಕನ್‌ಗಳಲ್ಲಿ ಸದ್ದೇ ಇಲ್ಲ. ಟಾಮ್ಸಿನ್ ಅಳುತ್ತಾ ಅತ್ತಿಂದಿತ್ತ ಓಡಿದಳು. ನನಗೆ ಆಗಲೇ ಗೊತ್ತಾಯಿತು. ಕೆಳಗೆ ಅವನದು ಇನ್ನೂ ಕೇಳುತ್ತಿದೆ, ಕೂಗುತ್ತಿಲ್ಲ.

ಸ್ಕೀ ಕೋಲಿನ ತುದಿ ಒಂದು ಗೇಣು ಹೊರಗಿತ್ತು. ಅದಿಲ್ಲದಿದ್ದರೆ ಮುಗಿದಿತ್ತು. ಹದಿನಾಲ್ಕು ನಿಮಿಷ ಅಗೆದೆವು. ಮುಖ ನೀಲಿ. ಬಾಯಿಂದ ಹಿಮ ತೆಗೆದು ಊದಿದೆ, ಬೈದೆ, ಊದಿದೆ. ಉಸಿರಾಡಿದ.

ಜಾಕೆಟ್ ಬಿಚ್ಚಿದಾಗ ನೋಡಿದೆ. ಬೀಕನ್ ‘ಕೇಳು’ವಿನಲ್ಲೇ ಇತ್ತು. ಆರಿಸಿಬಿಟ್ಟೆ. ಸಿಕ್ಕವನ ಬೀಕನ್ ಆರಿಸುವುದು ರೂಢಿ. ನಾನು ಆರಿಸಿದ್ದು ರೂಢಿಗಾಗಿ ಅಲ್ಲ. ಟಾಮ್ಸಿನ್ ನೋಡಬಾರದೆಂದು.

ಆಗಸ್ಟ್ 16

ಆಸ್ಪತ್ರೆಗೆ ಹೋಗಿದ್ದೆ. ತೊಡೆಯ ಮೂಳೆ ಎರಡು ತುಂಡು, ಪಕ್ಕೆಲುಬು ಮೂರು. ಆದರೂ ನಾಲಿಗೆಗೆ ಏನೂ ಆಗಿಲ್ಲ.

"ಕ್ಲಬ್ಬಿನವರು ವರದಿಗೆ ಅಂತ ಬಂದಿದ್ರು" ಅಂದ. "ಗ್ಲೆನಿಸ್ ಪರೀಕ್ಷೆ ಮಾಡಿದ್ಲು, ಆಗ ಕೂಗ್ತಿತ್ತು, ಹಳೇದು, ಆಮೇಲೆ ಕೆಟ್ಟಿರ್ಬೇಕು ಅಂದೆ."

"ನಾನು ಮಾಡ್ಲಿಲ್ಲ."

"ಗೊತ್ತು ಕಣೆ. ನಿನ್ ಬೆನ್ನು ನೋಡ್ಕೊಂಡೇ ನಿಂತಿದ್ನಲ್ಲ. ಆ ಸಿಟ್ಟಲ್ಲಿ ನಂಗೂ ತಿರುಗಿಸೋದು ಮರೆತೋಯ್ತು." ನೀರು ಕುಡಿದ. "ನೋಡು, ನಾಲ್ಕನೇ ಪಿಚ್ಚು ನಂಗಿರ್ಲಿ. ಈ ವರದಿ ನಿಂಗೆ. ಸರಿಹೋಯ್ತಲ್ಲ?"

ಅಂದರೆ ಹತ್ತಿದ್ದು ನಾನೆಂದು ಅವನಿಗೆ ಗೊತ್ತಿತ್ತು. ಅರಳುಮರಳಲ್ಲ, ಮರೆವಲ್ಲ. ಮೂವತ್ತೊಂಬತ್ತು ವರ್ಷ ಗೊತ್ತಿದ್ದೇ ಸುಳ್ಳು ಹೇಳಿದ. ದಿಂಬು ತೆಗೆದು ಆ ಮುಖಕ್ಕೆ ಒತ್ತೋಣವೆನಿಸಿತು. ಎದ್ದು ಬಂದೆ.

ಆಗಸ್ಟ್ 18

ಬೇಕರಿಯಾಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ನೀವಿಲ್ದಿದ್ರೆ ನೆವ್ ಇವತ್ತು ಇರ್ತಿರ್ಲಿಲ್ಲ" ಅಂದಳು. ಪೈ ದುಡ್ಡನ್ನು ಗಾಜಿನ ಮೇಲಿಟ್ಟು ಬಂದೆ.

ಬಾಯಿ ಮುಚ್ಚಿಕೊಂಡಿದ್ದರೆ ಊರಿಗೆಲ್ಲ ಒಳ್ಳೆಯವಳು. ಬಾಯಿ ಬಿಟ್ಟರೆ, ಈ ಊರಲ್ಲಿ ಇನ್ನು ಯಾರೂ ನನ್ನ ಜೊತೆ ಹಗ್ಗ ಕಟ್ಟುವುದಿಲ್ಲ. ನಾನಾಗಿದ್ದರೂ ಕಟ್ಟುತ್ತಿರಲಿಲ್ಲ. ಭಯವಾಗುತ್ತಿದೆ. ಬಂಡೆಯ ಮೇಲೆ ಇಷ್ಟು ಭಯ ಯಾವತ್ತೂ ಆಗಿಲ್ಲ.

ಆಗಸ್ಟ್ 19, ಬೆಳಿಗ್ಗೆ 9.05

ಟಾಮ್ಸಿನ್ ಪುಟ ಕಳಿಸಿದ್ದಾಳೆ. ನಾಲ್ಕನೇ ಪಿಚ್ ಎದುರು ಖಾಲಿ ಬಿಟ್ಟಿದ್ದಾಳೆ. ಹೆಸರು ಇವತ್ತೇ ಬೇಕಂತೆ, ಮಧ್ಯಾಹ್ನ ಅಚ್ಚಿಗೆ.

ನನ್ನ ಹೆಸರು ಹೇಳಿದರೆ ನೆವ್ ಆ ಬೆಳಗಿನದನ್ನು ಬಾಯಿಬಿಡುತ್ತಾನೆ. ಅವನು ಬಿಡಲಿ ಎಂದು ಯಾಕೆ ಕಾಯಬೇಕು? ಈ ಮುದುಕನ ಋಣ ನನಗೆ ಬೇಡ. ಅವನ ಸುಳ್ಳು ಅವನೇ ಹೊದ್ದುಕೊಳ್ಳಲಿ.

ಫೋನ್ ಮೇಜಿನ ಮೇಲೆ, ಸ್ಪೀಕರ್‌ನಲ್ಲಿ. ರಿಂಗ್ ಆಗುತ್ತಿದೆ. ಮೊದಲು ಬಾಗಿಲಿನದು, ಆಮೇಲೆ ಬಂಡೆಯದು. ಹಿಂದುಮುಂದಾದರೆ ಅವನಿಗೂ ನನಗೂ ಏನು ವ್ಯತ್ಯಾಸ... ಎತ್ತಿದಳು.

"ಟಾಮ್ಸಿನ್, ಹೆಸರು ಆಮೇಲೆ. ಹತ್ತನೇ ತಾರೀಕು ಬೆಳಿಗ್ಗೆ ಬಾಗಿಲ ಹತ್ರ ನಾನು ನೆವ್ ಬೀಕನ್ ಪರೀಕ್ಷೆ ಮಾಡ್ಲೇ ಇಲ್ಲ."