ಪೆಡಲಿನೊಳಗಿನ ಉಸಿರು

ಭಾನುವಾರ, ಮಧ್ಯಾಹ್ನ

ಇಂಜಿನಿಯರಮ್ಮನವರಿಗೆ,

‘ಪ್ರೀತಿಯ ಗೆಳತಿ’ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಇಷ್ಟರಲ್ಲೇ ತೃಪ್ತಿಪಟ್ಟುಕೋ.

ನಿನ್ನೆ ಕೊಳಲಿಗೆ ಹೊಸ ದಾರ ಸುತ್ತಿಸಲು ವಾದ್ಯದಂಗಡಿಗೆ ಹೋಗಿದ್ದೆ. ಗಾಜಿನ ಮೇಜಿನ ಮೇಲೆ ನಮ್ಮ ಪೆಡಲ್! ತಪ್ಪಾಯಿತು, ನಿನ್ನ ಪೆಡಲ್. ಡಬ್ಬದ ಮೇಲೆ ನಿನ್ನೊಬ್ಬಳದೇ ಹೆಸರಿದೆ. ಇರಲಿ ಬಿಡು, ಹೆಸರಿಗೆಲ್ಲ ಜಗಳವಾಡುವವಳಲ್ಲ ನಾನು. ವರ್ಷವಿಡೀ ನಿನ್ನ ಅಡುಗೆಮನೆಯಲ್ಲಿ ನಿಂತು ಕೆನ್ನೆ ನೋಯುವಷ್ಟು ಊದಿದವಳು ನಾನೇ ಆದರೂ, ಇರಲಿ.

ಮೈಕಿಗೂ ಸ್ಪೀಕರಿಗೂ ನಡುವೆ ಇಡುವ ಪುಟ್ಟ ಡಬ್ಬ, ಕಾಲಲ್ಲಿ ಒತ್ತಿದರೆ ಕೊಳಲಿನ ನಾದ ಹಿಗ್ಗಬೇಕು, ಮಾರ್ದನಿಸಬೇಕು ಎಂದು ಹೊರಟವರು ನಾವು. ನಿನ್ನ ಮೊದಲ ಪ್ರೋಗ್ರಾಂ ನನ್ನ ಉಸಿರನ್ನು ಬರೀ ಗಲಾಟೆ ಎಂದುಕೊಂಡು ಕತ್ತರಿಸಿ ಎಸೆಯಿತು. ಉಳಿದದ್ದು ಮಕ್ಕಳ ಪೀಪಿ. ಉಸಿರೇ ಅರ್ಧ ಕೊಳಲು ಕಣೇ, ಅದನ್ನ ಮುಟ್ಟಬೇಡ ಅಂತ ಹಟ ಹಿಡಿದವಳು ನಾನು. ಹಾಗೆ ಹುಟ್ಟಿತು ‘ಉಸಿರು’ ಎಂಬ ನಾಬ್. ತಿರುಗಿಸಿದರೆ ಪ್ರತಿ ಸ್ವರಕ್ಕೂ ಮುಂಚೆ ಯಾರೋ ಉಸಿರೆಳೆದಂತೆ ಕೇಳಬೇಕಿತ್ತು.

ಅಂಗಡಿಯವನು ಅದನ್ನೇ ತಿರುಗಿಸಿದ. ಎಷ್ಟ್ ನ್ಯಾಚುರಲ್ ಆಗಿದೆ ನೋಡಿ ಮೇಡಂ ಅಂದ. ಸ್ಪೀಕರಿನಿಂದ ಬಂದದ್ದು ನನ್ನ ಉಸಿರು. ಅದೂ ಊದುವಾಗಿನದಲ್ಲ, ಬಿಕ್ಕುವಾಗಿನದು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದ ದಿನ, ಗಂಡನಿಗೂ ಹೇಳದೆ ನೇರ ನಿನ್ನ ಮನೆಗೆ ಬಂದಿದ್ದೆನಲ್ಲ, ಆ ದಿನದ್ದು. ಮೈಕ್ ಆಫ್ ಮಾಡಿದೀನಿ, ಅತ್ತುಬಿಡು ಅಂದಿದ್ದೆ ನೀನು.

ನಂಬಿ ಕೆಟ್ಟೆ. ಹೆಸರು ಬಿಟ್ಟದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ನನ್ನ ಅಳುವನ್ನು ಡಬ್ಬಕ್ಕೆ ತುಂಬಿ ಮಾರಲು ನಿನಗೆ ಮನಸ್ಸಾದರೂ ಹೇಗೆ ಬಂತೇ? ಕಂಡಕಂಡವರೆಲ್ಲ ಅದನ್ನು ಕಾಲಲ್ಲಿ ಒತ್ತುತ್ತಾರೆ.

ಅದನ್ನು ತೆಗೆ. ಬೇರೆ ಯಾರದ್ದಾದರೂ ಉಸಿರು ಹಾಕು, ನಿನ್ನದೇ ಹಾಕು, ನನ್ನದು ಬೇಡ. ಕ್ಷಮೆ ಕೇಳಲು ಮನೆಗೆ ಬರಬೇಡ, ಫೋನನ್ನೂ ಮಾಡಬೇಡ.

ಒಂದು ಕಾಲಕ್ಕೆ ನಿನ್ನವಳಾಗಿದ್ದ, ನೀನೇ ಅಡ್ಡಹೆಸರಿಟ್ಟ
ಊದುಬತ್ತಿ

ತಾ.ಕ.: ಆ ಪೆಡಲನ್ನು ಕೊಂಡು ತಂದೆ. ನಾಬನ್ನು ಪೂರ್ತಿ ತಿರುಗಿಸಿ ಸ್ಪೀಕರಿಗೆ ಕಿವಿಗೊಟ್ಟರೆ, ನನ್ನ ಬಿಕ್ಕು ಮುಗಿಯುವಲ್ಲಿ ಸಣ್ಣಗೆ ನಿನ್ನ ದನಿಯೂ ಇದೆ, ‘ನಾನಿದ್ದೀನಲ್ಲೇ’ ಅಂತ. ಅದನ್ನು ಕತ್ತರಿಸಲು ಮರೆತಿದ್ದೀಯ. ಬೆಳಗಿನಿಂದ ಅದೊಂದನ್ನೇ ಒತ್ತಿ ಒತ್ತಿ ಕೇಳುತ್ತಿದ್ದೇನೆ.